ಲಿಂಗ್‌ರಾಯ್ಡ್‌ನ ಹಿಂದಿನ ಅರ್ಧ

ನನ್ನ ತಂಗಿಯ ಮನೆಯ ಮುಂಬಾಗಿಲಿಗೆ ಹಿತ್ತಾಳೆಯ ಸಿಂಹದ ಮುಖವಿದೆ, ಅದರ ಬಾಯಲ್ಲಿರುವ ಬಳೆ ಹಿಡಿದು ಬಡಿಯಬೇಕು. ನನ್ನ ಮನೆಯ ಬಾಗಿಲ ಪಕ್ಕ ಕಲ್ಲಿದ್ದಲು ಸುರಿಯುವ ಕಿಂಡಿಯಿದೆ. ತಮಾಷೆ ಏನೆಂದರೆ ಎರಡೂ ಒಂದೇ ಮನೆ. ಹ್ಯಾಲಿಫ್ಯಾಕ್ಸ್‌ನ ಹಳೆಯ ದೊಡ್ಡ ಮನೆಗಳೆಲ್ಲ ಈಗ ಪಾಲಾಗಿ ಕೂತಿವೆ, ಅದೇನೂ ಹೊಸದಲ್ಲ. ಆದರೆ ಬೇರೆಯವರ ಮನೆಗಳು ಎಡ ಬಲ ಎಂದು ಪಾಲಾದವು, ಇಲ್ಲವೇ ಮೇಲೆ ಕೆಳಗೆ ಎಂದು. ನಮ್ಮದನ್ನು ಮಾತ್ರ ನಮ್ಮಪ್ಪ ಮುಂದೆ ಹಿಂದೆ ಎಂದು ಕತ್ತರಿಸಿದ. ಮುಂದಿನದು ಲೋರ್ನಾಗೆ, ಹಿಂದಿನದು ನನಗೆ. ಯಜಮಾನರು ಓಡಾಡುತ್ತಿದ್ದ ಅರ್ಧ ಅವಳದು, ಕೆಲಸದವರು ಓಡಾಡುತ್ತಿದ್ದ ಅರ್ಧ ನನ್ನದು. ಹೊಟ್ಟೆಕಿಚ್ಚು ಅಂತೀರಾ? ಅನ್ನಿ. ನಾನೇನು ಅಲ್ಲ ಅಂದೆನೇ?

ಮನೆ ಕಟ್ಟಿಸಿದವನು ನಮ್ಮ ಮುತ್ತಜ್ಜನ ಅಪ್ಪ, ಜೇಬೆಜ್ ಮಿಜ್ಲಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಉಣ್ಣೆಗೆ ಬಣ್ಣ ಹಾಕುವ ಕಾರ್ಖಾನೆ ಇಟ್ಟುಕೊಂಡು ದುಡ್ಡು ಮಾಡಿದವನು. ಅವನು ನೀಲಿ ಬಣ್ಣ ಕದಡಿದ ದಿನ ಕೆಳಗಿನ ಹೊಳೆ ನೀಲಿ, ಕೆಂಪು ಕದಡಿದ ದಿನ ಕೆಂಪು. ಆ ನಾತ ತನ್ನ ಮೂಗಿಗೆ ತಟ್ಟಬಾರದು ಎಂದು ಗುಡ್ಡದ ಮೇಲೆ ಮನೆ ಕಟ್ಟಿಸಿ ಲಿಂಗ್‌ರಾಯ್ಡ್ ಎಂದು ಹೆಸರಿಟ್ಟ. ತಾನು ಹುಟ್ಟಿದ್ದು ಒಂದೇ ಕೋಣೆಯ ಮನೆಯಲ್ಲಿ ಎನ್ನುವುದನ್ನು ಊರಿನವರು ಮರೆಯಬೇಕು ಎನ್ನುವುದು ಅವನ ಹಟ. ಹಾಗಾಗಿ ರಸ್ತೆಗೆ ಕಾಣುವ ಗೋಡೆಗೆಲ್ಲ ನಯವಾಗಿ ಕಡೆದ ಕಲ್ಲು. ಹಿಂದಿನ ಗೋಡೆಗೆ ಕ್ವಾರಿಯಿಂದ ಬಂದಂಥ ಒರಟು ಕಲ್ಲು, ಯಾರು ನೋಡುತ್ತಾರೆ ಅಂತ. ಮುಂದೆ ಚಾವಣಿ ಎತ್ತರ, ಅಗಲವಾದ ಮರದ ಮೆಟ್ಟಿಲು, ಹೊರಕ್ಕೆ ಉಬ್ಬಿದ ದೊಡ್ಡ ಕಿಟಕಿಗಳು. ನಡುವಿನ ಬಾಗಿಲು ದಾಟಿ ಹಿಂದೆ ಬಂದರೆ ಚಾವಣಿ ತಲೆ ಮೇಲೇ ಇಳಿಯುತ್ತದೆ, ನೆಲ ಕಲ್ಲಾಗುತ್ತದೆ, ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಬಟ್ಟೆ ಬುಟ್ಟಿ ಹಿಡಿದುಕೊಂಡು ಹತ್ತಿದರೆ ಮೊಣಕೈ ತರಚುತ್ತದೆ.

ಕಿಟಕಿಗಳ ವಿಷಯ ಹೇಳಲೇಬೇಕು. ಅಡುಗೆಮನೆಯ ಕಿಟಕಿಗಳನ್ನು ಬೇಕೆಂದೇ ಎತ್ತರದಲ್ಲಿ ಇಡಿಸಿದ್ದಾನೆ ಮುದುಕ. ಬೆಳಕು ಬರಬೇಕು, ಆದರೆ ಕೆಲಸದ ಹುಡುಗಿಯರು ತೋಟದಲ್ಲಿ ಕೂತ ಯಜಮಾನರನ್ನು ನೋಡಬಾರದು. ಇವತ್ತಿಗೂ ಆ ತೋಟ ನೋಡಬೇಕೆಂದರೆ ನಾನು ಸ್ಟೂಲು ಹತ್ತಬೇಕು. ಹತ್ತಿ ನೋಡಿದರೆ ಏನು ಕಾಣುತ್ತದೆ? ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿರುವ ಲೋರ್ನಾ.

ಪಾಲು ಮಾಡಿದ ದಿನ ಅಪ್ಪ ಆಡಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ.

"ಗ್ಲೆಂಡಾ, ನೀನು ಕೈ ಚುರುಕಿನ ಹುಡುಗಿ, ನಿಂಗೆ ಅಡುಗೆಮನೆ ಕಡೆ ಸರಿಹೋಗುತ್ತೆ. ಲೋರ್ನಾದು ಪಿಯಾನೊ ಇದೆ. ಹಿಂದಿನ ಬಾಗಿಲಲ್ಲಿ ಅದು ತೂರಲ್ಲ."

"ಹಂಗಾದ್ರೆ ಪಿಯಾನೊಗೆ ಮುಂದಿನ ಮನೆ ಬರ್ಕೊಡಿ, ಅವಳೂ ನಮ್ಮ ಜೊತೆ ಹಿಂದೆ ಇರ್ಲಿ," ಅಂದೆ.

"ನೋಡು, ಶುರು ಮಾಡಿದ್ಲು," ಅಂದ ಅಪ್ಪ. ಅಷ್ಟೇ. ನಡುವಿನ ಬಾಗಿಲು ಕಿತ್ತು ಅಲ್ಲೊಂದು ಅಗ್ಗದ ಇಟ್ಟಿಗೆ ಗೋಡೆ ಎಬ್ಬಿಸಿದ. ಅವಳು ಹಲ್ಲಿನ ಡಾಕ್ಟರ್ ಹ್ಯೂನನ್ನು ಮದುವೆಯಾಗಿದ್ದಳು, ನಾನು ಬಸ್ ಡ್ರೈವರ್ ಡೆಸ್ಮಂಡನನ್ನು. ಯಾವ ಅರ್ಧ ಯಾರಿಗೆ ಎನ್ನುವುದಕ್ಕೆ ಪಿಯಾನೊ ಒಂದು ನೆಪ.

ಲೋರ್ನಾ ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಅವಳು ಒಳ್ಳೆಯವಳು, ಅದೇ ನನ್ನ ಕರ್ಮ. ನನ್ನ ಹುಟ್ಟಿದ ಹಬ್ಬಕ್ಕೆ ಮರೆಯದೆ ಹೂ ತರುತ್ತಾಳೆ. ನಾನು ಶುಂಠಿ ಕೇಕು ಸುಟ್ಟು ಕರಿ ಮಾಡಿದರೂ "ಅಂಚು ಗರಿಗರಿಯಾಗಿದೆ ಕಣೇ" ಎಂದು ತಿನ್ನುತ್ತಾಳೆ. ಗಂಡ ತೀರಿಕೊಂಡ ಮೇಲೆ ಊರಿನ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತ ಒಬ್ಬಳೇ ಇದ್ದಾಳೆ. ಪ್ರತಿ ಸೆಪ್ಟೆಂಬರಿನಲ್ಲಿ ಊರಿನ ಹಳೆಯ ಮನೆಗಳನ್ನು ಜನರಿಗೆ ತೆರೆದು ತೋರಿಸುವ ದಿನ ಬರುತ್ತದಲ್ಲ, ಆ ದಿನ ಅವಳ ಬಾಗಿಲ ಮುಂದೆ ಸಾಲು. ಮುತ್ತಿನ ಸರ ಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತು "ನಮ್ಮ ಜೇಬೆಜ್ ಅಜ್ಜ" ಎಂದು ಶುರು ಮಾಡುತ್ತಾಳೆ. ಅವನು ನನಗೂ ಅಜ್ಜನೇ ತಾನೇ? ನನಗೆ ಆ ದಿನದ ಕೆಲಸ ಒಂದೇ, ಬಂದವರು ಚಹಾ ಕುಡಿದಿಟ್ಟ ಕಪ್ಪುಗಳನ್ನು ತೊಳೆಯುವುದು. ಅವಳು ಕೇಳುವುದಿಲ್ಲ, ನಾನೇ ಹೋಗಿ ತೊಳೆಯುತ್ತೇನೆ. ತೊಳೆಯುತ್ತ ಉರಿಯುತ್ತೇನೆ.

ಹೋದ ವರ್ಷ ವಸಂತದಲ್ಲಿ ಒಂದು ದಿನ ಬೇಲಿ ಹತ್ತಿರ ಬಂದು ಸಂಕೋಚದಿಂದ ಹೇಳಿದಳು.

"ಗ್ಲೆನ್, ಪಕ್ಕದಲ್ಲಿ ಒಂದು ಗಾಜಿನ ಕೋಣೆ ಕಟ್ಸೋಣ ಅಂತಿದೀನಿ. ಚಳಿಗಾಲದಲ್ಲೂ ಬಿಸಿಲು ಸಿಗುತ್ತೆ ನೋಡು. ನಿಂಗೇನೂ ತೊಂದ್ರೆ ಇಲ್ವಲ್ಲ?"

"ನಂಗ್ಯಾಕೆ ತೊಂದ್ರೆ? ಬಿಸಿಲು ಪೂರ್ತಿ ನಿಂದೇ ಅಲ್ವಾ."

"ಹಂಗ್ಯಾಕೆ ಹೇಳ್ತೀಯ? ನೀವಿಬ್ರೂ ಬಂದು ಕೂತ್ಕೋಬಹುದು."

ಬಂದು ಕೂತುಕೊಳ್ಳಬಹುದಂತೆ. ಒಳಗೆ ಬಂದು ಬಾಗಿಲು ದಢಾರನೆ ಹಾಕಿದೆ. ಡೆಸ್ ಲೀಕ್ ಈರುಳ್ಳಿ ತೊಳೆಯುತ್ತ ನಿಂತಿದ್ದ. ಊರಾಚೆ ಅವನದೊಂದು ಬಾಡಿಗೆ ತೋಟದ ತುಂಡು, ಅಲ್ಲಿ ಬೆಳೆದ ಲೀಕುಗಳೆಂದರೆ ಅವನಿಗೆ ಮಕ್ಕಳಿದ್ದ ಹಾಗೆ.

"ಈಗ ಗಾಜಿನ ಮನೆ ಬೇಕಂತೆ ಮಹಾರಾಣಿಗೆ!" ಅಂದೆ.

"ಕಟ್ಕೊಳ್ಲಿ ಬಿಡೇ. ನಿನ್ನ ಗಂಟೇನು ಹೋಗುತ್ತೆ?"

"ನೀನು ಸುಮ್ನಿರು. ಆ ದಿನ ಪಬ್ಬಲ್ಲಿ ಏನೋ ಅಂದ್ರಲ್ಲ, ಹಳೇ ಮನೆ ಸರ್ಕಾರದ ಪಟ್ಟಿಗೆ ಸೇರಿದ್ರೆ ಒಂದು ಇಟ್ಟಿಗೆ ಅಲ್ಲಾಡಿಸೋ ಹಂಗಿಲ್ಲ ಅಂತ?"

"ಮುಂದಿನ ಗೋಡೆಗೆ ಮಾತ್ರ ಕಣೇ ಅದು. ರಸ್ತೆಗೆ ಕಾಣೋದು ಹಂಗೇ ಇರ್ಬೇಕು, ಅಷ್ಟೇ." ಆಮೇಲೆ ನನ್ನ ಮುಖ ನೋಡಿದ. "ಬೇಡ ಗ್ಲೆಂಡಾ. ನಿನ್ನ ಕಣ್ಣು ನೋಡಿದ್ರೇ ಗೊತ್ತಾಗುತ್ತೆ. ಬೇಡ."

ಮುಂದಿನ ಗೋಡೆಗೆ ಮಾತ್ರ. ಈ ಮಾತನ್ನು ನಮ್ಮ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಎಲ್ಲರೂ ಹಾಗೆಯೇ ಹೇಳುತ್ತಾರೆ. ಅಂಗಡಿಯವರು, ಪಾದ್ರಿ, ಮನೆ ಮಾರಿಸುವ ದಲ್ಲಾಳಿ ಕೂಡ. ಅದಕ್ಕಿಂತ ಒಳ್ಳೆಯ ಸುದ್ದಿ ನನಗೆ ಯಾವುದಿತ್ತು? ಮುಂದಿನ ಗೋಡೆ ಅವಳದು. ಕಟ್ಟು ಬೀಳುವುದೆಲ್ಲ ಅವಳಿಗೆ, ನನಗೆ ಏನೂ ಇಲ್ಲ. ಯಾರು ಬೇಕಾದರೂ ಅರ್ಜಿ ಹಾಕಬಹುದಂತೆ, ಹಾಕಿದೆ. ನಮ್ಮ ವಂಶದ ಮನೆ, ಊರಿನ ಆಸ್ತಿ, ಗಾಜಿನ ಕೋಣೆಯಿಂದ ಅದರ ಅಂದ ಕೆಡುತ್ತದೆ ಎಂದೆಲ್ಲ ಕಣ್ಣೀರು ಬರುವ ಹಾಗೆ ಬರೆದೆ.

ಜೂನ್‌ನಲ್ಲಿ ಡೆಸ್ ತೋಟದಲ್ಲಿ ಬಿದ್ದ. ಪಕ್ಕದ ತುಂಡಿನವರು ನೋಡುವಷ್ಟರಲ್ಲಿ ಲೀಕು ಮಡಿಯ ಮೇಲೆ ಮಗ್ಗುಲಾಗಿ ಮಲಗಿದ್ದನಂತೆ. ಲಕ್ವ. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಜೀವಮಾನವೆಲ್ಲ ನನ್ನ ಮಾತಿಗೆ ಮಾತು ಕೊಟ್ಟು ನನ್ನನ್ನು ಗೋಳು ಹೊಯ್ದುಕೊಂಡ ಮನುಷ್ಯ ಆಸ್ಪತ್ರೆಯ ಮಂಚದಲ್ಲಿ ನನ್ನ ಬಾಯನ್ನೇ ನೋಡುತ್ತ ಮಲಗಿದ್ದ. "ಗ್ಲೆಂಡಾ ಅನ್ನು," ಅನ್ನುತ್ತಿದ್ದೆ. "ಗ್ಲೆನ್ ಅಂದ್ರೂ ಸಾಕು. ಏ ಮುದುಕಿ ಅನ್ನು, ಅದಾದ್ರೂ ಅನ್ನು." ತುಟಿ ಅಲುಗುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ. ದಿನಾ ಹೋದೆ, ದಿನಾ ಅದೇ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದೆ.

ಇನ್ನು ಮೆಟ್ಟಿಲು ಹತ್ತುವುದು ಅವನಿಂದ ಆಗದು ಎಂದರು ಡಾಕ್ಟರು. ಮನೆಗೆ ಕಳಿಸಬೇಕಾದರೆ ಮಲಗುವುದು, ಸ್ನಾನ, ಎಲ್ಲ ಕೆಳಗೇ ಆಗಬೇಕು, ಗಾಲಿಕುರ್ಚಿ ತಿರುಗಬೇಕು. ನಮ್ಮ ಬಚ್ಚಲು ಇರುವುದು ಮೇಲೆ, ಆ ಮೊಣಕೈ ತರಚುವ ಮೆಟ್ಟಿಲ ತುದಿಗೆ. ಸುದ್ದಿ ಕೇಳಿದ ಸಂಜೆಯೇ ಲೋರ್ನಾ ಓಡಿ ಬಂದಳು.

"ನಮ್ಮ ಕಡೆ ಕರ್ಕೊಂಡ್ಬಾ ಗ್ಲೆನ್. ಕೆಳಗೇ ಬಚ್ಚಲಿದೆ, ಬಾಗಿಲೆಲ್ಲ ಅಗಲ. ಮುಂದಿನ ಕೋಣೆ ಖಾಲಿ ಬಿದ್ದಿದೆ."

"ಅವನಿಗೆ ಅವನ ಮನೆ ಇದೆ," ಅಂದೆ.

"ಇದೆ. ಆದ್ರೆ..."

"ಇದೆ ಅಂದೆನಲ್ಲ."

ತಾರಿಕ್‌ನನ್ನು ಕರೆಸಿದೆ. ಬೀದಿಯ ಕೊನೆಯಲ್ಲಿರುವ ಗಾರೆ ಕೆಲಸದವನು, ಚಿಕ್ಕವನಿದ್ದಾಗ ಡೆಸ್‌ನ ಬಸ್ಸಿನಲ್ಲೇ ಶಾಲೆಗೆ ಹೋದವನು. ಅಡುಗೆಮನೆಯ ಆಚೆ ಮುಸುರೆ ತೊಳೆಯುವ ಕೋಣೆ, ಅದರ ಆಚೆ ಕಲ್ಲಿನ ಉಗ್ರಾಣ. ನಡುವಿನ ಗೋಡೆ ಒಡೆದು ಎರಡನ್ನೂ ಒಂದು ಮಾಡಿದರೆ ಚೆಂದದ ಬಚ್ಚಲು, ಮಂಚ ಅಡುಗೆಮನೆಯಲ್ಲಿ.

"ಆಗುತ್ತೆ ಆಂಟಿ," ಅಂದ. "ಈ ಚಪ್ಪಡಿಗಳೆಲ್ಲ ಕಿತ್ತು ಹಾಕ್ಬೇಕು. ಕೈಯಲ್ಲಿರೋ ಕೆಲ್ಸ ಮುಗೀಲಿ, ಎಲೆ ಉದುರೋ ಹೊತ್ತಿಗೆ ಶುರು ಮಾಡಿ ಅಂಕಲ್ ಬರೋಷ್ಟರಲ್ಲಿ ಮುಗ್ಸಿ ಕೊಡ್ತೀನಿ." ಎಲ್ಲಿಂದ ಎಲ್ಲಿಗೆ ಒಡೆಯಬೇಕು ಎಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ದೊಡ್ಡ ಚೌಕ ಬರೆದು ಹೋದ. ಆ ಚೌಕವನ್ನು ನೋಡಿಕೊಂಡೇ ನಾನು ಆ ತಿಂಗಳು ಕಳೆದೆ.

ಅಷ್ಟರಲ್ಲಿ ಮಿಸ್ ಕ್ವೇಲ್ ಬಂದಳು. ಹಳೆಯ ಕಟ್ಟಡಗಳನ್ನು ನೋಡಿ ತೂಗಿ ಪಟ್ಟಿಗೆ ಸೇರಿಸುವ ಇಲಾಖೆಯವಳು. ಅರ್ಜಿ ಹಾಕಿದ್ದೇ ನನಗೆ ಮರೆತು ಹೋದಂತಾಗಿತ್ತು ಎಂದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ಬರಲಿ, ಲೋರ್ನಾಳ ಗಾಜಿಗೆ ಕಲ್ಲು ಬೀಳಲಿ ಎಂದು ಕಾಯುತ್ತಲೇ ಇದ್ದೆ.

ಮೊದಲು ಮುಂದಿನ ಮನೆ. ನಾನೂ ಹಿಂದೆ ಹಿಂದೆ ಹೋದೆ. ಲೋರ್ನಾ ಮುತ್ತು ಹಾಕಿಕೊಂಡು "ನಮ್ಮ ಜೇಬೆಜ್ ಅಜ್ಜ" ಎಂದು ಶುರು ಮಾಡಿದಳು. ಮಿಸ್ ಕ್ವೇಲ್ ತಲೆಯಾಡಿಸುತ್ತ ಚಾವಣಿಯ ಅಂಚಿನ ಹೂಬಳ್ಳಿಯನ್ನು ನೋಡಿದಳು, ಮೇಜಿನ ಮೇಲೆ ಹತ್ತಿ ಬೆರಳಿನಿಂದ ತಟ್ಟಿದಳು.

"ಇದು ಪ್ಲಾಸ್ಟಿಕ್," ಅಂದಳು.

"ಅಪ್ಪ ಹಳೇದನ್ನ ಕಿತ್ತು ಹಾಕಿದ್ರು," ಅಂದಳು ಲೋರ್ನಾ. "ಆಗಿನ ಕಾಲದಲ್ಲಿ ಎಲ್ರೂ ಹಂಗೇ ಮಾಡ್ತಿದ್ರಲ್ಲ, ಹಳೇ ಮನೆ ಅಂದ್ರೆ ನಾಚಿಕೆ. ನಾನು ಮತ್ತೆ ಅದೇ ಥರದ್ದು ಹುಡುಕಿ ಹಾಕಿಸ್ದೆ."

"ಈ ನೆಲ?"

"ಅದೂ... ಅದೇ ಥರದ್ದು."

"ಬೆಂಕಿಗೂಡು?"

"ಲೀಡ್ಸ್‌ನಲ್ಲಿ ಇನ್ನೊಂದು ಮನೆ ಕೆಡವಿದಾಗ ತಂದದ್ದು."

ಮೆಟ್ಟಿಲ ಕಟಕಟೆಯೂ ಹೊಸದು. ಬಣ್ಣದ ಗಾಜೂ ಹೊಸದು. ಬಾಗಿಲ ಸಿಂಹವೂ! ಒಂದೊಂದು ಉತ್ತರಕ್ಕೂ ಲೋರ್ನಾಳ ಮುಖ ಸಣ್ಣಗಾಗುತ್ತಿತ್ತು, ನನಗೆ ಒಳಗೊಳಗೇ ಸಕ್ಕರೆ ತಿಂದ ಹಾಗೆ. ಇದರಿಂದ ನನ್ನ ಲೆಕ್ಕಾಚಾರವೇ ತಲೆಕೆಳಗಾಗುತ್ತಿದೆ ಎನ್ನುವುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ನಾನು ಹೊಟ್ಟೆ ಉರಿದುಕೊಂಡದ್ದೆಲ್ಲ ನಕಲಿ ಮಾಲು! ಕುಣಿಯೋಣ ಎನ್ನಿಸಿತು.

"ಹಿಂದಿನ ಕಡೆ ನೋಡ್ಬಹುದಾ?" ಎಂದು ಮಿಸ್ ಕ್ವೇಲ್ ಕೇಳಿದಳು.

"ಬನ್ನಿ ಬನ್ನಿ," ಅಂದೆ.

ಅಡುಗೆಮನೆಯ ಹೊಸ್ತಿಲು ದಾಟಿದವಳೇ ನಿಂತುಬಿಟ್ಟಳು. "ಅಯ್ಯೋ ದೇವರೇ," ಅಂದಳು, ಪಿಸುಮಾತಿನಲ್ಲಿ. ನನ್ನ ಅಡುಗೆಮನೆಗೆ ಯಾರಾದರೂ ಹಾಗೆ ಅಂದದ್ದು ಅದೇ ಮೊದಲು.

ಅಪ್ಪ ಮುಂದಿನದನ್ನೆಲ್ಲ ಕಿತ್ತು ಹೊಸದು ಮಾಡಿಸಿದ, ಹಿಂದಕ್ಕೆ ಒಂದು ಕಾಸು ಬಿಚ್ಚಲಿಲ್ಲ. ನಾವೂ ಬಿಚ್ಚಲಿಲ್ಲ, ಇರಲಿಲ್ಲ. ಹಾಗಾಗಿ ಜೇಬೆಜ್ ಬಿಟ್ಟು ಹೋದದ್ದು ಬಿಟ್ಟ ಹಾಗೇ ಇತ್ತು. ಗೋಡೆಯಗಲದ ಕಬ್ಬಿಣದ ಒಲೆ, ಬಟ್ಟೆ ಬೇಯಿಸುವ ತಾಮ್ರದ ಹಂಡೆ, ಮಾಂಸ ತೂಗುಹಾಕುವ ಕೊಕ್ಕೆಗಳು. ಅವಳು ಮಂಡಿಯೂರಿ ನೆಲ ಸವರಿದಳು. ಎತ್ತರದ ಕಿಟಕಿಗಳನ್ನು ನೋಡಿ "ಕೆಲಸದವರಿಗೆ ತೋಟ ಕಾಣಬಾರ್ದು ಅಂತ," ಎಂದು ತಾನೇ ಹೇಳಿದಳು. "ಇಷ್ಟು ಪೂರ್ತಿಯಾಗಿ ಉಳ್ದಿರೋದನ್ನ ನಾನು ಈ ಕಡೆ ಎಲ್ಲೂ ನೋಡಿಲ್ಲ, ಮಿಸೆಸ್ ಹೆಲ್ಲಿವೆಲ್."

"ಹೌದಾ?" ಅಂದೆ. ಬಾಗಿಲಲ್ಲಿ ಲೋರ್ನಾ ನಿಂತಿದ್ದಳು. ಅವಳಿಗೆ ಕೇಳಲಿ ಎಂದು ಇನ್ನೊಮ್ಮೆ "ಎಲ್ಲೂ ನೋಡಿಲ್ವಾ?" ಅಂದೆ.

ಆಮೇಲೆ ನನ್ನನ್ನು ಹಿಡಿಯುವವರು ಯಾರು? ಕೇಳಿದ್ದಕ್ಕೆಲ್ಲ ಹೇಳಿದೆ, ಕೇಳದ್ದನ್ನೂ ಹೇಳಿದೆ. ಬೆಂಕಿಗೂಡಿಲ್ಲದ ಕೆಲಸದವರ ಮಲಗುವ ಕೋಣೆಗಳನ್ನು ತೋರಿಸಿದೆ. ಅವರು ಹತ್ತಿ ಇಳಿದು ನಡು ಸವೆದ ಮೆಟ್ಟಿಲುಗಳನ್ನು ತೋರಿಸಿದೆ. ಕೊನೆಗೆ ಅವಳು ಮುಚ್ಚಿದ ಬಾಗಿಲೊಂದರ ಕಡೆ ಕೈ ತೋರಿಸಿದಳು.

"ಅದರಾಚೆ ಏನಾದ್ರೂ ಇದ್ಯಾ?"

ಏನಿಲ್ಲ, ಹಳೇ ಸಾಮಾನು ಎಂದಿದ್ದರೆ ಮುಗಿದು ಹೋಗುತ್ತಿತ್ತು. ಅವಳು ಪೆನ್ನು ಜೇಬಿಗೆ ಹಾಕಿ ಆಗಿತ್ತು. ಆದರೆ ಲೋರ್ನಾ ನೋಡುತ್ತಿದ್ದಳಲ್ಲ. ಬಾಗಿಲು ತೆರೆದೆ.

ಮುಸುರೆ ತೊಳೆಯುವ ಕಲ್ಲಿನ ತೊಟ್ಟಿ, ಉಗ್ರಾಣದ ಸುತ್ತ ಗೋಡೆಗೆ ಕೂರಿಸಿದ ತಣ್ಣನೆಯ ಚಪ್ಪಡಿಗಳು, ಹಾಲು ಬೆಣ್ಣೆ ಇಡುತ್ತಿದ್ದ ಗೂಡುಗಳು. ಮಿಸ್ ಕ್ವೇಲ್ ಚಪ್ಪಡಿಯ ಮೇಲೆ ಎರಡೂ ಕೈ ಊರಿ ನಿಂತಳು. ಆಮೇಲೆ ಗೋಡೆಯ ಮೇಲಿದ್ದ ಸೀಮೆಸುಣ್ಣದ ಚೌಕ ಅವಳ ಕಣ್ಣಿಗೆ ಬಿತ್ತು.

"ಇದೇನು? ಇಲ್ಲಿ ಏನಾದ್ರೂ ಒಡೀಬೇಕು ಅಂತಿದೀರಾ?"

ಅದು ಡೆಸ್‌ನ ಬಚ್ಚಲು ಎನ್ನಬೇಕಿತ್ತು. ನನ್ನ ಗಂಡ ಮನೆಗೆ ಬರಬೇಕು ಎನ್ನಬೇಕಿತ್ತು. ಆದರೆ ಒಳಗೇನಿದ್ದರೂ ಕಟ್ಟು ಬೀಳುವುದು ಮುಂದಿನ ಗೋಡೆಗೆ ಮಾತ್ರ ಎನ್ನುವ ಧೈರ್ಯ ಒಂದು ಕಡೆ. ಹೇಳಿದರೆ ಅವಳ ಕಣ್ಣಿನ ಹೊಳಪು ಆರಿಹೋದೀತು, ಲೋರ್ನಾಳ ಎದುರಿಗೆ ನನ್ನ ಬೆಲೆ ಇಳಿದೀತು ಎನ್ನುವ ಭಯ ಇನ್ನೊಂದು ಕಡೆ.

"ಏ, ಅದಾ? ಪಕ್ಕದ ಮನೆ ಮಕ್ಕಳು ಗೀಚಿದ್ದು," ಅಂದೆ. ಅಂದು ನನ್ನ ಏಪ್ರನ್ನಿನಿಂದ ಉಜ್ಜಿ ಅಳಿಸಿಬಿಟ್ಟೆ.

ಲೋರ್ನಾ ಎಲ್ಲ ನೋಡಿದಳು. ಮಿಸ್ ಕ್ವೇಲ್ ಹೋದ ಮೇಲೆ ಮಾತ್ರ, "ಯಾಕೆ ಹಾಗ್ಮಾಡ್ದೆ ಗ್ಲೆನ್?" ಎಂದು ಮೆಲ್ಲಗೆ ಕೇಳಿದಳು.

"ನಿಂದೆಲ್ಲ ಪ್ಲಾಸ್ಟಿಕ್ ಅಂತ ಗೊತ್ತಾಯ್ತಲ್ಲ, ಅದಕ್ಕೆ ಉರಿ ನಿಂಗೆ," ಅಂದೆ. ಅವಳು ತೋಟದ ದಾರಿ ಹಿಡಿದು ಹೋದಳು.

ಎಲೆ ಉದುರುವ ಹೊತ್ತಿಗೆ ತೀರ್ಮಾನ ಬಂತು. ಲಿಂಗ್‌ರಾಯ್ಡ್ ಪಟ್ಟಿಗೆ ಸೇರಿತು, ಹಿಂದಿನ ಭಾಗಕ್ಕಾಗಿ. ಒಲೆ, ತೊಟ್ಟಿ, ಚಪ್ಪಡಿ, ಮೆಟ್ಟಿಲು, ಗೋಡೆ, ಒಂದನ್ನೂ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ, ಮುಟ್ಟಿದರೆ ಅಪರಾಧ. ಮುಂದಿನ ಭಾಗದಲ್ಲಿ ವಿಶೇಷವಾದದ್ದು ಏನೂ ಉಳಿದಿಲ್ಲವಾದ್ದರಿಂದ ಅದನ್ನು ಪಟ್ಟಿಯಿಂದ ಹೊರಗಿಡಲಾಗಿದೆ. ಲೋರ್ನಾ ಎಲ್ಲಿ ಬೇಕಾದರೂ ಏನು ಬೇಕಾದರೂ ಕಟ್ಟಿಕೊಳ್ಳಬಹುದು, ಹೆಚ್ಚು ಕಡಿಮೆ ಹಾಗೇ.

"ಮುಂದಿನ ಗೋಡೆಗೆ ಮಾತ್ರ ಅಂದ್ರಲ್ಲ ಎಲ್ರೂ!" ಎಂದು ತಾರಿಕ್‌ನ ಮೇಲೆ ಕೂಗಾಡಿದೆ.

"ಆಂಟಿ, ಅದು ಪಬ್ಬಿನ ಮಾತು. ಪಟ್ಟಿ ಅಂದ್ರೆ ಒಳಗೂ ಹೊರಗೂ, ಮೊಳೆ ಸಮೇತ. ನಾನು ಸುತ್ತಿಗೆ ಎತ್ತಿದ್ರೆ ನನ್ನನ್ನೇ ಎತ್ಕೊಂಡ್ ಹೋಗ್ತಾರೆ."

"ಅವನು ಮನೆಗೆ ಬರ್ಬೇಕೋ!"

"ಗೊತ್ತು ಆಂಟಿ," ಎಂದು ತಾರಿಕ್ ತಲೆ ತಗ್ಗಿಸಿದ.

ಪುರಸಭೆಯವರನ್ನು ಕೇಳಿದೆ. ಪಾಪ, ಮರ್ಯಾದೆಯಾಗಿಯೇ ಹೇಳಿದರು. ಅರ್ಜಿ ಹಾಕಿ, ನಕ್ಷೆ ಕೊಡಿ, ಬೇರೆ ದಾರಿ ಹುಡುಕೋಣ. ಆದರೆ ಚಪ್ಪಡಿಗಳಿಗೆ ಕೈ ಹಚ್ಚುವ ಮಾತು ಬೇಡ, ಮನೆ ಪಟ್ಟಿಗೆ ಸೇರಿದ್ದೇ ಅವುಗಳಿಂದ. ಇದೆಲ್ಲ ಮುಗಿಯುವಷ್ಟು ದಿನ ಆಸ್ಪತ್ರೆಯವರು ಮಂಚ ಹಿಡಿದಿಡುತ್ತಾರೆಯೇ? ಅವರು ಬ್ರಿಗ್‌ಹೌಸ್‌ನ ವೃದ್ಧಾಶ್ರಮವೊಂದರಲ್ಲಿ ಜಾಗ ನೋಡಿದ್ದರು. ನಾನೂ ಹೋಗಿ ನೋಡಿದೆ. ಟೀವಿಯ ಸುತ್ತ ಗೋಡೆಗೆ ತಾಗಿಸಿ ಕುರ್ಚಿ ಹಾಕಿದ್ದರು. ಬೇಯಿಸಿದ ಕೋಸಿನ ವಾಸನೆ. ಒಂದು ಕುರ್ಚಿ ಖಾಲಿಯಿತ್ತು, ಡೆಸ್‌ಗಾಗಿ.

ಅಲ್ಲಿಂದ ಬಂದವಳು ಕೋಟೂ ಬಿಚ್ಚದೆ ಲೋರ್ನಾಳ ಮುಂಬಾಗಿಲಿಗೆ ಹೋಗಿ ನಿಂತೆ. ಮುಂಬಾಗಿಲಿಗೆ ನಾನು ಹೋಗುವವಳೇ ಅಲ್ಲ. ಅವಳು ಬಾಗಿಲು ತೆರೆದಳು. ತುಟಿ ಅಲುಗಿಸಿದೆ, ಸ್ವರ ಹೊರಡಲಿಲ್ಲ. ಡೆಸ್‌ಗೆ ಹೇಗಾಗುತ್ತಿರಬಹುದು ಎಂದು ಆಗ ಗೊತ್ತಾಯಿತು.

"ಕೋಣೆ ಗುಡಿಸಿಟ್ಟಿದೀನಿ," ಅಂದಳು ಅವಳೇ. "ಮಂಚ ನಾಳೆ ತರಿಸೋಣ."

"ಬೈ ಲೋರ್ನಾ. ಒಂದ್ಸಲ ನಂಗೆ ಸರಿಯಾಗಿ ಬೈ. ಆ ಅರ್ಜಿ ಹಾಕಿದ್ದು ನಾನೇ."

"ಗೊತ್ತು. ಇನ್ಯಾರು ಹಾಕ್ತಾರೆ?" ಅವಳು ನಕ್ಕಳು, ಕಣ್ಣು ಮಾತ್ರ ನಗಲಿಲ್ಲ. "ನಿಂಗೆ ನನ್ನ ಮನೆ ಮೇಲೆ ಕಣ್ಣು, ಅದು ನಂಗೆ ಯಾವಾಗ್ಲೂ ಗೊತ್ತಿತ್ತು. ನಂಗೆ ಯಾವುದರ ಮೇಲೆ ಕಣ್ಣಿತ್ತು ಗೊತ್ತಾ? ಅಪ್ಪ ಕಟ್ಟಿಸಿದ ಗೋಡೆ ತೆಳು ಕಣೇ. ನೀವಿಬ್ರೂ ಜಗಳ ಆಡೋದು, ಆಮೇಲೆ ಬಿದ್ದು ಬಿದ್ದು ನಗೋದು, ಎಲ್ಲ ಕೇಳ್ಸುತ್ತೆ. ಹ್ಯೂ ಬದುಕಿದ್ದಾಗ್ಲೂ ಈ ಮನೇಲಿ ಅಷ್ಟು ನಗು ಇರ್ಲಿಲ್ಲ. ಆ ಗೋಡೆ ಪಕ್ಕ ಕೂತ್ಕೊಂಡು ಎಷ್ಟು ಸಲ ಹೊಟ್ಟೆ ಉರ್ಕೊಂಡಿದೀನೋ."

ಈ ಮಾತಿಗೆ ನನಗೆ ಕನಿಕರ ಬರಬೇಕಿತ್ತು. ಬಂದದ್ದು ಹೆದರಿಕೆ.

ಡೆಸ್ ಬಂದ. ಮುಂದಿನ ಕೋಣೆಯಲ್ಲಿ, ಉಬ್ಬು ಕಿಟಕಿಯ ಪಕ್ಕ ಅವನ ಮಂಚ. ಎರಡು ಬೆಂಚು ಎಳೆದು ನಾನೂ ಅಲ್ಲೇ ಮಲಗಬಹುದಿತ್ತು, ಲೋರ್ನಾ ಹಾಸಿಗೆಯನ್ನೂ ಹಾಸಿಟ್ಟಿದ್ದಳು. ನಾನು ಒಪ್ಪಲಿಲ್ಲ. ಅವಳ ಮನೆಯಲ್ಲಿ ನಾನು ಮಲಗುವುದೇ? ಬೆಳಿಗ್ಗೆ ಹೋಗುತ್ತಿದ್ದೆ, ಮೈ ತೊಳೆಸಿ ಊಟ ಮಾಡಿಸಿ ಸಂಜೆ ಹಿಂದಕ್ಕೆ ಬರುತ್ತಿದ್ದೆ. ವಸಂತ ಬರುವಷ್ಟರಲ್ಲಿ ಗಾಜಿನ ಕೋಣೆಯೂ ಎದ್ದು ನಿಂತಿತು. ಡೆಸ್ ಅದರಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬಿಸಿಲಿಗೆ ಮೈ ಕಾಯಿಸುತ್ತ ಕೆನ್ನೆ ಕೆಂಪಗೆ ಮಾಡಿಕೊಂಡ. ಲೋರ್ನಾ ಕುಂಡದಲ್ಲಿ ಅವನಿಗೆ ಲೀಕು ನೆಟ್ಟುಕೊಟ್ಟಳು. ನನಗೆ ಇದು ಯಾಕೆ ಹೊಳೆಯಲಿಲ್ಲ ಎಂದು ಅದಕ್ಕೂ ಉರಿದೆ.

ಮೇ ತಿಂಗಳ ಒಂದು ಸಂಜೆ ನಾನು ನನ್ನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದೆ. ಗೋಡೆಯಾಚೆ ಲೋರ್ನಾ ಪಿಯಾನೊ ನುಡಿಸುತ್ತಿದ್ದಳು, ನಮ್ಮ ಚರ್ಚಿನ ಹಳೆಯ ಹಾಡು. ಅವಳ ಸ್ವರದ ಕೆಳಗೆ ಇನ್ನೊಂದು ಸ್ವರ ಎದ್ದಿತು, ಒಡಕು, ದಪ್ಪ. ಚಾಕು ಅಲ್ಲೇ ಬಿಟ್ಟು ಎದ್ದೆ. ಓಡಿ ಹೋಗಿ ನೋಡಿದರೆ ಡೆಸ್ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಾನೆ! ಶಬ್ದಕ್ಕೆ ಶಬ್ದ, ಒಂದೂ ತಪ್ಪದೆ. ಎಡಗೈ ಪಿಯಾನೊ ಮೇಲೆ ತಾಳ ಹಾಕುತ್ತಿದೆ.

"ಮಾತು ಹೋದೋರಿಗೂ ಹಾಡು ಉಳಿದಿರುತ್ತಂತೆ ಗ್ಲೆನ್, ಆಸ್ಪತ್ರೆಯವ್ರು ಹೇಳಿದ್ರು," ಎಂದಳು ಲೋರ್ನಾ, ಅಳುತ್ತ ನಗುತ್ತ.

ಅವನ ಮುಂದೆ ಮಂಡಿಯೂರಿದೆ. "ಡೆಸ್, ಗ್ಲೆಂಡಾ ಅನ್ನೋ."

ಅವನು ಕಣ್ಣು ತೆರೆದ, ಪ್ರೀತಿಯಿಂದಲೇ ನೋಡಿದ. ತುಟಿ ಅಲುಗಿತು. ಸ್ವರ ಬರಲಿಲ್ಲ. ಪಿಯಾನೊ ಕಡೆ ತಿರುಗಿ ಲೋರ್ನಾಗೆ ಇನ್ನೊಂದು ನುಡಿಸು ಎಂದು ಕೈಸನ್ನೆ ಮಾಡಿದ.

ನಾನು ಹಾಡಿದರೆ ಕಾಗೆಗಳೂ ಹಾರಿಹೋಗುತ್ತವೆ, ಅದು ಊರಿಗೆಲ್ಲ ಗೊತ್ತು. ಮನೆಗೆ ಹೋಗಿ ಆಲೂಗಡ್ಡೆ ಸುಲಿದು ಮುಗಿಸಿದೆ. ಮನೆ ಹೋಗಲಿ, ಮೆಟ್ಟಿಲು ಹೋಗಲಿ, ಬಿಸಿಲು ಹೋಗಲಿ, ಎಲ್ಲ ಅವಳೇ ಇಟ್ಟುಕೊಳ್ಳಲಿ. ಅವನ ದನಿಯೂ ಆ ಗೋಡೆಯಾಚೆಯೇ ಇರಬೇಕೇ?

ಈ ಸೆಪ್ಟೆಂಬರಿನಲ್ಲಿ ಸಾಲು ನಿಂತದ್ದು ನನ್ನ ಬಾಗಿಲಲ್ಲಿ. ಕಲ್ಲಿದ್ದಲ ಕಿಂಡಿಯಿಂದ ಹಿಡಿದು ಬೀದಿಯ ತಿರುವಿನವರೆಗೆ ಜನ. ಲೋರ್ನಾಳ ಬಾಗಿಲ ಕಡೆ ಯಾರೂ ಸುಳಿಯಲಿಲ್ಲ, ತೆರೆದೂ ಇರಲಿಲ್ಲ. ಹೊಸ ನೀಲಿ ಉಡುಪು ಹಾಕಿಕೊಂಡು "ನಮ್ಮ ಜೇಬೆಜ್ ಅಜ್ಜ" ಎಂದು ನಾನು ಶುರು ಮಾಡಿದೆ. ಎತ್ತರದ ಕಿಟಕಿ ತೋರಿಸಿದಾಗ ಎಲ್ಲರೂ ತಲೆಯೆತ್ತಿದರು, ಸವೆದ ಮೆಟ್ಟಿಲು ತೋರಿಸಿದಾಗ ಅಯ್ಯೋ ಪಾಪ ಎಂದರು. ಎಂಥ ಅದೃಷ್ಟವಂತೆ ನೀವು, ಇಂಥಾ ಮನೇಲಿ ಇರೋಕೆ ಎಂದರು. ಬದುಕಿನುದ್ದಕ್ಕೂ ನಾನು ಕಾದದ್ದು ಇದಕ್ಕೇ. ಉಗ್ರಾಣದಲ್ಲಿ ಚಪ್ಪಡಿಗಳ ಸುತ್ತ ಅವರನ್ನು ನಿಲ್ಲಿಸಿ ಬೆಣ್ಣೆ ಕರಗದಂತೆ ಹೇಗೆ ಇಡುತ್ತಿದ್ದರು ಎಂದು ಹೇಳುತ್ತಿದ್ದೆ. ಗೋಡೆಯಾಚೆ ಪಿಯಾನೊ ಎದ್ದಿತು, ಅದರ ಹಿಂದೆಯೇ ಅವನ ಸ್ವರ.

ಚಪ್ಪಡಿಯನ್ನು ನೋಡುತ್ತಿದ್ದವರು ಗೋಡೆಯ ಕಡೆ ತಿರುಗಿದರು. ನಾನು ಮಾತು ಮುಂದುವರಿಸಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಸ್ವಲ್ಪ ಜೋರಾಗಿ ಹೇಳಿದೆ. ಅವನೂ ಜೋರಾಗಿ ಹಾಡಿದ.

"ಎಷ್ಟು ಚೆನ್ನಾಗಿ ಹಾಡ್ತಿದಾರೆ," ಎಂದಳು ಮುಂದೆ ನಿಂತಿದ್ದ ಒಬ್ಬಳು, ಬ್ರಾಡ್‌ಫರ್ಡ್‌ನಿಂದ ಗಂಡನ ಕೈ ಹಿಡಿದುಕೊಂಡು ಬಂದವಳು. "ಆ ಕಡೆ ಯಾರಿದಾರೆ? ಅದನ್ನೂ ನೋಡ್ಬಹುದಾ?"

"ಆ ಕಡೆ ನೋಡೋಂಥದ್ದು ಏನೂ ಇಲ್ಲಮ್ಮ," ಅಂದೆ. "ಸರ್ಕಾರದವ್ರೇ ನೋಡಿ ಹೇಳಿ ಹೋಗಿದಾರೆ."

ಅಂದು ಚಪ್ಪಡಿಯ ಮೇಲೆ ಕೈಯಿಟ್ಟೆ, ಬೆಣ್ಣೆಯ ವಿಷಯ ಎಲ್ಲಿಗೆ ನಿಲ್ಲಿಸಿದ್ದೆ ಎನ್ನುವುದು ನೆನಪಾಗಲಿಲ್ಲ. ಅವರೆಲ್ಲ ಹಾಡು ಮುಗಿಯುವವರೆಗೆ ಗೋಡೆಗೆ ಮುಖ ಮಾಡಿಕೊಂಡು ನಿಂತಿದ್ದರು, ನಾನೂ ಅವರ ಹಿಂದೆ ನಿಂತೆ.